ಬೆಟ್ಟದ ತೂಕಕ್ಕೆ ಕೊಯ್ದ ನಳಿಗೆ

ಕೋವಿಯ ನಳಿಗೆ ಎಷ್ಟುದ್ದ ಇರಬೇಕು ಅಂತ ನಮ್ಮೂರಲ್ಲಿ ಯಾರನ್ನಾದರೂ ಕೇಳಿ ನೋಡಿ. ಜನ್ಮದಲ್ಲಿ ಕೋವಿ ಮುಟ್ಟದವರೇ ಮೊದಲು ಬಾಯಿ ತೆಗೀತಾರೆ. ಉದ್ದ ಇರಬೇಕು ಅನ್ನೋರು ಒಂದು ಕಡೆ, ಗಿಡ್ಡ ಇರಬೇಕು ಅನ್ನೋರು ಇನ್ನೊಂದು ಕಡೆ, ನಡುವೆ ಟೀ ಅಂಗಡಿಯವನು ಲೋಟದ ಮೇಲೆ ಲೋಟ ತುಂಬಿ ಕೊಡ್ತಾ ಇರ್ತಾನೆ. ಆ ವರ್ಷ ಈ ಹರಟೆ ನಡೆದುಕೊಂಡು ನನ್ನ ಮನೆ ಬಾಗಿಲಿಗೇ ಬಂತು. ಉಳಿದವರಿಗೆ ಅದು ಹೊತ್ತು ಕಳೆಯೋ ಮಾತು, ನನಗೆ ಮಾತ್ರ ಬದುಕೋ ಸಾಯೋ ಮಾತು.

ನಮ್ಮ ಬೆಟ್ಟ ಕಾಣದವರಿಗೆ ಒಂದು ವಿಷಯ ಹೇಳಬೇಕು. ಅಲ್ಲಿ ಹತ್ತಿದಷ್ಟೂ ಕಬ್ಬಿಣ ಭಾರ ಆಗುತ್ತೆ. ಕಬ್ಬಿಣ ಮಾತ್ರ. ಬುಡದಲ್ಲಿ ಬೆರಳಲ್ಲಿ ಆಡಿಸೋ ಕುಡುಗೋಲು ನಡುಬಂಡೆ ಮುಟ್ಟೋ ಹೊತ್ತಿಗೆ ಗುದ್ದಲಿಯಷ್ಟು ತೂಗುತ್ತೆ, ನೆತ್ತಿಯ ಹುಲ್ಲುಮಾಳಕ್ಕೆ ಹೋದರೆ ಕಂಕುಳಲ್ಲಿ ಕರು ಎತ್ತಿಕೊಂಡ ಹಾಗಿರುತ್ತೆ. ಮರ, ಮಣ್ಣು, ತಾಮ್ರ, ಸೀಸ, ಇವಕ್ಕೆಲ್ಲ ಬೆಟ್ಟದ ಹಂಗಿಲ್ಲ. ಯಾಕೆ ಹೀಗೆ ಅಂತ ನಾವು ಕೇಳಿದವರಲ್ಲ, ಹೊಳೆ ಯಾಕೆ ಕೆಳಗೆ ಹರಿಯುತ್ತೆ ಅಂತ ಯಾರು ಕೇಳ್ತಾರೆ ಹೇಳಿ? ಮೇಲೆ ಹೋಗೋರು ಮನೆ ಬೀಗದ ಕೈಯನ್ನ ಬುಡದ ಕಲ್ಲುಮಂಟಪದಲ್ಲಿ ಇಟ್ಟು ಹೋಗ್ತಾರೆ. ಚಪ್ಪಲಿಗೆ ಮೊಳೆ ಹೊಡೆಸಿಕೊಂಡು ಜಂಬದಿಂದ ಹತ್ತಿದ ಹೊಸ ಅಳಿಯಂದಿರು ನಡುಬಂಡೆಯಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಇಳಿದಿರೋದು ಎಷ್ಟೋ. ರಕ್ತದಲ್ಲೂ ಕಬ್ಬಿಣ ಇರುತ್ತೆ ಅಂತ ಶಾಲೆ ಮೇಷ್ಟ್ರು ಹೇಳಿದಾಗಿನಿಂದ, ಏರು ಹತ್ತೋವಾಗ ಏದುಸಿರು ಬಂದವರೆಲ್ಲ ‘ನಂದು ಒಳ್ಳೇ ರಕ್ತ ಕಣ್ರೀ, ಅದಕ್ಕೇ’ ಅನ್ನೋದಕ್ಕೆ ಶುರು ಮಾಡಿದ್ದಾರೆ.

ಊರಿಗೆ ನೀರು ಬರೋದು ನೆತ್ತಿಯ ಒರತೆಯಿಂದ. ಸೀಳಿದ ಬಿದಿರಿನ ದಬ್ಬೆಗಳನ್ನ ಒಂದಕ್ಕೊಂದು ಕಟ್ಟಿ, ಕಣಿವೆ ಸುತ್ತಿಸಿ, ಊರ ನಡುವಿನ ಕಲ್ಲುಬಾನಿಗೆ ಇಳಿಸಿದ್ದಾರೆ. ಅದನ್ನ ನೋಡಿಕೊಳ್ಳೋನು ನೀರುಗಂಟಿ. ಒರತೆಯ ಬಾಯಿ ಕಟ್ಟದ ಹಾಗೆ ನೋಡಬೇಕು, ಒಡೆದ ದಬ್ಬೆ ಬದಲಾಯಿಸಬೇಕು, ಯಾವ ಬೀದಿಗೆ ಮೊದಲು, ಯಾವ ಬೀದಿಗೆ ಆಮೇಲೆ ಅಂತ ಹೇಳಬೇಕು. ನಮ್ಮಪ್ಪ ನೀರುಗಂಟಿ ಆಗಿದ್ದ, ಆಮೇಲೆ ನಮ್ಮಣ್ಣ ದುಗ್ಗಪ್ಪ. ಹೆಸರು ಅವನದು, ಕೆಲಸ ಇಬ್ಬರದು. ದಬ್ಬೆ ಕಟ್ಟೋದರಲ್ಲೇ ನನ್ನ ಪ್ರಾಯ ಕಳೀತು. ಮದುವೆ ಬೇಡ ಅಂದವಳಲ್ಲ ನಾನು, ಬೆಟ್ಟದ ಮೇಲೆ ಇದ್ದಾಗ ಗಂಡಿನ ಕಡೆಯವರು ಬಂದು ಹೋಗಿಬಿಡ್ತಿದ್ದರು ಅಷ್ಟೇ. ಅದರ ಬಗ್ಗೆ ಬೇಜಾರಿಲ್ಲ. ಬೆಳಿಗ್ಗೆ ಹೋಗಿ ಒರತೆಯಲ್ಲಿ ಕೈಯಿಟ್ಟರೆ ನೀರು ಬೆರಳ ಸಂದಿಯಿಂದ ಮೇಲೇಳುತ್ತಲ್ಲ, ಅದಕ್ಕಿಂತ ಇಷ್ಟವಾದದ್ದು ನನಗೆ ಲೋಕದಲ್ಲಿ ಇನ್ನೊಂದಿಲ್ಲ.

ಆ ಒರತೆಗೆ ಒಂದು ಒಂಟಿಹಂದಿ ಬಂದು ಬಿತ್ತು. ಹಿಂಡು ಬಿಟ್ಟ ಗಂಡು, ಎಮ್ಮೆಗರುವಿನಷ್ಟು ಎತ್ತರ, ದಾಡೆ ಬೆಳ್ಳಗೆ ಮೇಲಕ್ಕೆ ತಿರುಗಿತ್ತು. ಒರತೆಯನ್ನೇ ಕೆಸರುಗುಂಡಿ ಮಾಡಿಕೊಂಡು ಅದರಲ್ಲೇ ಮಲಗೋದು, ಎದ್ದು ಮರಕ್ಕೆ ಮೈ ಉಜ್ಜೋದು, ಮತ್ತೆ ಮಲಗೋದು. ಊರ ಬಾನಿಗೆ ಕೆಸರು ಬಂತು, ಆಮೇಲೆ ಅದೂ ನಿಂತಿತು. ಅಣ್ಣ ಕೋಲು ಹಿಡಿದು ಓಡಿಸೋಕೆ ಹೋದ. ಹಂದಿ ಅವನ ತೊಡೆ ಸೀಳಿ ಮೂಳೆ ಮುರಿದು ಹಾಕಿತು. ನಾನೇ ಬೆನ್ನ ಮೇಲೆ ಹೊತ್ತು ಇಳಿಸಿದೆ. ಪೇಟೆ ಆಸ್ಪತ್ರೆಯವರು ಕಾಲು ಉಳಿಸಿಕೊಟ್ಟರು, ಆದರೆ ಮೂಳೆಗೆ ಕಬ್ಬಿಣದ ಸರಳು ಹಾಕಿ ಕಳಿಸಿದರು. ನಮ್ಮೂರಲ್ಲಿ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ದುಗ್ಗಪ್ಪ ಇನ್ನು ಬೆಟ್ಟ ಹತ್ತೋ ಹಾಗಿಲ್ಲ.

ಊರ ಯಜಮಾನ ಕೆಂಚಪ್ಪಾಜಿ ಬಾನಿ ಹತ್ತಿರ ಜನ ಸೇರಿಸಿದ. ಮೇಲಿನ ಬೀದಿಯ ಕಾಟಯ್ಯ ಎದ್ದು ನಿಂತ. ಅವನು ಗೂಳಿ ಹಾಗಿರೋ ಆಳು, ಕೆಟ್ಟವನಲ್ಲ, ಬಾಯಿ ಮಾತ್ರ ಸುಮ್ಮನಿರೋದಿಲ್ಲ. ‘ಒರತೆ ಬಿಟ್ಟುಬಿಡೋಣ. ಕೆಳಗಿನ ಜೌಗು ಹೊಂಡದಿಂದ ಗಾಡಿ ಮೇಲೆ ನೀರು ತರಿಸ್ತೀನಿ. ನೀರುಗಂಟಿಕೆ ನನಗೆ ಕೊಡಿ,’ ಅಂದ. ಜೌಗು ನೀರಲ್ಲಿ ಎಮ್ಮೆ ತೊಳೆಯೋದಕ್ಕೂ ನಾವು ಹಿಂದೆಮುಂದೆ ನೋಡ್ತೀವಿ. ಆದರೂ ಬಾಯಾರಿದ ಜನ, ತಲೆ ಆಡಿಸಿದರು. ನಾನು ಎದ್ದು ನಿಂತೆ. ‘ಹಂದಿ ನಾನು ಹೊಡೀತೀನಿ. ಒರತೆ ಬಿಡಿಸ್ತೀನಿ. ನೀರುಗಂಟಿಕೆ ನನಗೇ ಕೊಡಬೇಕು,’ ಅಂದೆ.

‘ಸಂಕವ್ವ, ನೀನು ಕೋವಿ ಹಿಡಿದರೆ ಹಂದಿ ನಕ್ಕು ನಕ್ಕು ಸತ್ತರೂ ಸಾಯಬಹುದು,’ ಅಂದ ಕಾಟಯ್ಯ. ಜನ ನಕ್ಕರು. ಕೆಂಚಪ್ಪಾಜಿ ನಗಲಿಲ್ಲ. ಗಡ್ಡ ನೀವಿಕೊಂಡು, ‘ಅಮಾಸೆವರೆಗೆ ನೋಡೋಣ. ಬಾನಿಗೆ ನೀರು ಬಂದರೆ ನಿನ್ನ ಮಾತು, ಬರದಿದ್ದರೆ ಕಾಟಯ್ಯನ ಮಾತು,’ ಅಂದ. ಅಷ್ಟು ಸಾಕಾಗಿತ್ತು ನನಗೆ.

ಹಗ್ಗದ ಉರುಲು ಹಾಕಲಿಲ್ಲವಾ ಅಂತ ನೀವು ಕೇಳಬಹುದು. ಹಾಕಿದ್ದೆವು, ಹರಿದು ಹೋಯಿತು. ಗುಂಡಿ ತೋಡಿದ್ದೆವು, ಮೂಸಿ ಸುತ್ತು ಹಾಕಿಕೊಂಡು ಹೋಯಿತು. ಬಾಣ ಬಿಟ್ಟರೆ ಕಬ್ಬಿಣದ ಮೊನೆ ಅರ್ಧ ದಾರಿಯಲ್ಲೇ ನೆಲ ಕಚ್ಚುತ್ತೆ. ಉಳಿದದ್ದು ಕೋವಿ ಒಂದೇ, ಯಾಕಂದರೆ ಗುಂಡು ಸೀಸದ್ದು. ನಮ್ಮ ಮನೇಲಿ ಅಪ್ಪನ ಕೋವಿ ಇತ್ತು, ಬಾಯಿಂದ ಮದ್ದು ತುಂಬಿಸೋದು, ಒಂದು ಸಲಕ್ಕೆ ಒಂದೇ ಈಡು. ನಳಿಗೆ ಎರಡು ಮೊಳದ ಮೇಲೆ ಇನ್ನೊಂದು ಗೇಣು. ಅಪ್ಪ ಆರಡಿ ಆಳು, ಅದನ್ನ ಊರುಗೋಲಿನ ಹಾಗೆ ಆಡಿಸಿಕೊಂಡು ನೆತ್ತಿಗೆ ಹೋಗಿ ಬರ್ತಿದ್ದ. ನಾನು ನಿಂತರೆ ಅದರ ಬಾಯಿ ನನ್ನ ಗಲ್ಲಕ್ಕೆ ಬರುತ್ತೆ.

ಮಾರನೇ ದಿನ ಅದನ್ನ ಹೊತ್ತು ಹತ್ತಿ ನೋಡಿದೆ. ಬುಡ ದಾಟೋವರೆಗೆ ಪರವಾಗಿಲ್ಲ. ತಿರುವು ದಾಟಿದ ಮೇಲೆ ಹೆಗಲು ಉರಿಯೋದಕ್ಕೆ ಹತ್ತಿತು. ನಡುಬಂಡೆ ಹತ್ತಿರ ಮೊಣಕಾಲು ಕುಸಿದು ಕೂತುಬಿಟ್ಟೆ. ಕೋವಿ ಎತ್ತಿ ಗುರಿ ಹಿಡಿಯೋಣ ಅಂದರೆ ತೋಳು ಗಡಗಡ ಅಂತು. ನೆತ್ತಿ ಇನ್ನೂ ಅಷ್ಟೇ ದೂರ ಇತ್ತು. ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ ಅಂತಾರೆ, ನಾನು ಆನೆ ಭಾರಕ್ಕೆ ಕೈ ಹಾಕಿದ ಇರುವೆ. ಅಲ್ಲೇ ಕೂತು ತೀರ್ಮಾನ ಮಾಡಿದೆ. ನನ್ನ ತೋಳಂತೂ ಬೆಳೆಯೋದಿಲ್ಲ, ನಳಿಗೆಯನ್ನೇ ಕೊಯ್ಯಬೇಕು.

ಕುಲುಮೆಯ ಬೀರಾಚಾರಿಗೆ ಈ ಮಾತು ಕಿವಿಗೆ ಬಿದ್ದದ್ದೇ ತಡ, ಗರಗಸ ಎತ್ತಿಕೊಂಡ. ‘ಒಂದು ಮೊಳ ಇಟ್ಟು ಉಳಿದದ್ದು ತೆಗೆದು ಬಿಸಾಕು. ಹೊರೋಕಾಗದ ಕೋವಿ ಇಟ್ಟುಕೊಂಡು ಏನು ಮಾಡ್ತೀಯ, ಒನಕೆ ಮಾಡಿಕೊಂಡು ಭತ್ತ ಕುಟ್ಟು!’ ಅಂದ. ಅಣ್ಣ ಕುಲುಮೆ ಜಗಲಿ ಮೇಲೆ ಕಾಲು ನೀಡಿ ಕೂತಿದ್ದ. ಅವನಿಗೆ ಮೈ ಉರಿದು ಹೋಯಿತು. ‘ಆಚಾರಿ, ನೀನು ಕುಡುಗೋಲು ತಟ್ಟು, ಕೋವಿ ವಿಷಯ ನನಗೆ ಬಿಡು. ಉದ್ದ ನಳಿಗೆಯಲ್ಲಿ ಮದ್ದು ಪೂರ್ತಿ ಉರಿದು ಗುಂಡನ್ನ ತಳ್ಳುತ್ತೆ. ಗಿಡ್ಡ ಮಾಡಿದರೆ ಅರ್ಧ ಬೆಂಕಿ ಬಾಯಿಂದಾಚೆ ಹೋಗುತ್ತೆ. ಹಂದಿ ಮುಂದೆ ದೀಪಾವಳಿ ಮಾಡಿ ಬಂದ ಹಾಗಾಗುತ್ತೆ, ಅಷ್ಟೇ!’ ಹಿತ್ತಾಳೆ ನಳಿಗೆ ಮಾಡಿದರೆ ಭಾರವೇ ಇರೋದಿಲ್ಲವಲ್ಲ ಅಂತ ಟೀ ಅಂಗಡಿ ಕಡೆಯಿಂದ ಯಾರೋ ಕೂಗಿದರು. ಆಚಾರಿ ಹಿತ್ತಾಳೆ ನಳಿಗೆ ಸಿಡಿದು ತನ್ನ ದೊಡ್ಡಪ್ಪನ ಬೆರಳು ಹೋದ ಕಥೆ ಹೇಳಿ ಆ ಬಾಯಿ ಮುಚ್ಚಿಸಿದ.

ಬಾಯಿ ಮಾತು ಬೇಡ, ಹೊಡೆದೇ ನೋಡೋಣ ಅಂದೆ ನಾನು. ಒಂಟಿಹಂದಿ ಕೆಸರಲ್ಲಿ ಹೊರಳಿ, ಮರದ ಅಂಟಿಗೆ ಮೈ ಉಜ್ಜಿ, ಹೆಗಲ ಮೇಲೆ ಗೋಡೆಯಂಥ ಪದರ ಬೆಳೆಸಿಕೊಂಡಿರುತ್ತೆ. ಅದೇ ಥರ ಒಂದು ಹಲಗೆಗೆ ಜೇಡಿಮಣ್ಣು, ಹಲಸಿನ ಅಂಟು ಕಲಸಿ ಮೆತ್ತಿ ಒಣಗಿಸಿದೆ. ಆಚಾರಿ ಹತ್ತಿರ ಒಂದು ಮೊಳದ ಹಳೇ ಗಿಡ್ಡ ಕೋವಿ ಇತ್ತು. ಅದರಲ್ಲಿ ಹೊಡೆದರೆ ಕಿವಿ ತೂತಾಗೋ ಸದ್ದು, ಕಣ್ಣು ಕೋರೈಸೋ ಬೆಂಕಿ. ಗುಂಡು ನೋಡಿದರೆ ಮಣ್ಣಿನ ಪದರದಲ್ಲೇ ಕೂತು ನಮ್ಮನ್ನ ನೋಡ್ತಿತ್ತು. ಅಪ್ಪನ ಕೋವಿಯಲ್ಲಿ ಹೊಡೆದೆ. ಹಲಗೆ ಸೀಳಿ ಹಿಂದಿನ ಮಣ್ಣುದಿಣ್ಣೆಗೆ ಹೋಯಿತು. ಅಣ್ಣ ಮೀಸೆ ತಿರುವಿದ, ಆಚಾರಿ ಗಾಳಿ ಸರಿಯಿಲ್ಲ ಅಂದ.

ಕೊನೆಗೆ ಒಂದು ಗೇಣು ತೆಗೆಯೋದು, ಎರಡು ಮೊಳ ಉಳಿಸೋದು ಅಂತಾಯಿತು. ಗರಗಸ ಇಟ್ಟಾಗ ಅಣ್ಣ ಮುಖ ಆಚೆ ತಿರುಗಿಸಿಕೊಂಡ. ತುಂಡು ಕೆಳಗೆ ಬಿದ್ದ ಸದ್ದಿಗೆ ಅವನ ಹೆಗಲು ಅದುರಿತು. ಆಚಾರಿ ಅದನ್ನ ಹಳೇ ಕಬ್ಬಿಣದ ಗುಡ್ಡೆಗೆ ಎಸೆಯೋಕೆ ಹೋದರೆ ಕಿತ್ತುಕೊಂಡು ಟವೆಲ್ಲಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡ. ಆಚಾರಿ ಗುರಿ ನೋಡೋ ಮಣಿಯನ್ನ ಹೊಸ ತುದಿಗೆ ಕೂರಿಸಿಕೊಟ್ಟ. ಬಯಲಲ್ಲಿ ನಿಂತು ಕುಂಬಳಕಾಯಿಗೆ ಹೊಡೆದೆ, ಚೂರುಚೂರಾಯಿತು. ಇನ್ನೊಂದಕ್ಕೆ ಹೊಡೆದೆ, ಅದೂ ಹೋಯಿತು. ಊರೆಲ್ಲ ಭೇಷ್ ಅಂದರು. ನನಗೂ ನನ್ನ ಬಗ್ಗೆ ಭೇಷ್ ಅನಿಸಿತು.

ಬೆಳಕು ಹರಿಯೋವಾಗ ಹೊರಟೆ. ಈ ಸಲ ನಡುಬಂಡೆ ದಾಟಿದೆ, ಹಲ್ಲು ಕಚ್ಚಿಕೊಂಡು ನೆತ್ತಿಯನ್ನೂ ಮುಟ್ಟಿದೆ. ಹಂದಿ ಒರತೆಯಲ್ಲಿ ಪಕ್ಕೆ ತೋರಿಸಿಕೊಂಡು ಬಿದ್ದಿತ್ತು. ಒಂದು ಪೊದೆ ಹಿಂದೆ ಮಂಡಿಯೂರಿ ಕೋವಿ ಎತ್ತಿದೆ. ಹೆಗಲಿಗೆ ಬಂತು, ಸರಿ, ಆದರೆ ಅದರ ಮೂತಿ ನೆಲಕ್ಕೆ ನೆಲಕ್ಕೆ ಜಗ್ಗುತ್ತಿತ್ತು. ಎತ್ತಿದಷ್ಟೂ ಕುಡುಕನ ತಲೆ ಹಾಗೆ ಬಾಗುತ್ತೆ. ಹೇಗೋ ಮಣಿಯನ್ನ ಹಂದಿ ಹೆಗಲಿಗೆ ತಂದು, ಈಡು ಹಾರಿಸೋ ಕೀಲನ್ನ, ನಾವು ಕುದುರೆ ಅನ್ನೋದನ್ನ, ಎಳೆದೆ. ಎಳೆಯೋ ಆ ಒಂದು ಕ್ಷಣದಲ್ಲಿ ಮೂತಿ ಮತ್ತೆ ಬಾಗಿತು. ಗುಂಡು ಹಂದಿಯ ಮುಂದಿನ ಕೆಸರಿಗೆ ಬಿದ್ದು ಅದರ ಮುಖಕ್ಕೆ ಎರಚಿತು.

ಆಮೇಲೆ ನಡೆದದ್ದು ಹೇಳೋಕೆ ನಾಚಿಕೆ ಏನಿಲ್ಲ. ಕೋವಿ ಬಿಸಾಕಿ ಓಡಿದೆ. ನೇರಳೆ ಮರ ಹತ್ತಿದ್ದು ನನಗೆ ನೆನಪಿಲ್ಲ, ಮೇಲೆ ಕೂತಿದ್ದು ಮಾತ್ರ ನೆನಪಿದೆ. ಹಂದಿ ಬುಡದಲ್ಲಿ ಸುತ್ತಿ, ಮರದ ಸಿಪ್ಪೆ ಕಿತ್ತು, ಗುರುಗುಟ್ಟಿ, ಬೇಸರವಾಗಿ ಹೋಗಿ ಮತ್ತೆ ಒರತೆಯಲ್ಲಿ ಮಲಗಿತು. ಮೆಲ್ಲಗೆ ಇಳಿದು ಕೋವಿ ಎಳೆದುಕೊಂಡು ಬಂದೆ. ಊರು ತಲುಪಿ ಇದ್ದದ್ದು ಇದ್ದ ಹಾಗೆ ಹೇಳಿದೆ, ‘ಕೋವಿ ಮೇಲೆ ಹೋದರೆ ಮೂತಿ ಬಗ್ಗಿಸುತ್ತೆ.’ ಕಾಟಯ್ಯ ತೊಡೆ ತಟ್ಟಿ ನಕ್ಕ. ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!’ ಬಾನಿ ಪಕ್ಕ ಬಿಂದಿಗೆ ಹಿಡಿದು ನಿಂತಿದ್ದ ಹೆಂಗಸರು ಕೂಡ ಸೆರಗಿನ ಮರೆಯಲ್ಲಿ ನಕ್ಕರು. ನಗಲಿ. ಅವರಿಗೆ ಬಾಯಾರಿಕೆ, ನನಗೆ ಸಿಟ್ಟು. ಕೆಲಸಕ್ಕೆ ಬರೋದು ಸಿಟ್ಟೇ.

ಯಾಕಂದರೆ ಇಳಿಯೋವಾಗ ನಾನೊಂದು ಕಂಡಿದ್ದೆ. ನೆತ್ತಿಯಲ್ಲಿ ಕೋವಿಯನ್ನ ಅಂಗೈ ಮೇಲೆ ತೂಗಿಸಿದರೆ, ಅದು ಸಮವಾಗಿ ನಿಲ್ಲೋ ಜಾಗ ನಳಿಗೆಯ ಮಧ್ಯದ ಹತ್ತಿರ ಇತ್ತು. ನಡುಬಂಡೆಗೆ ಬಂದಾಗ ಆ ಜಾಗ ಹಿಂದೆ ಸರಿದಿತ್ತು. ಬುಡಕ್ಕೆ ಬಂದಾಗ ಕುದುರೆಯ ಹತ್ತಿರಕ್ಕೇ ಬಂದಿತ್ತು. ಅಯ್ಯೋ, ನಾವು ಎಂಥ ಪೆದ್ದರು! ಮುಂದಿನ ನಳಿಗೆ ಕಬ್ಬಿಣ, ಹೆಗಲಿಗೆ ಒರಗಿಸೋ ಹಿಂಭಾಗ ಮರ. ಹತ್ತಿದಷ್ಟೂ ಮುಂದಿನದು ಬೆಳೆಯುತ್ತೆ, ಹಿಂದಿನದು ಇದ್ದಷ್ಟೇ ಇರುತ್ತೆ. ಹುಟ್ಟಿದಾಗಿನಿಂದ ಈ ಬೆಟ್ಟದ ಬುಡದಲ್ಲಿರೋ ನಾವು ಬಯಲಲ್ಲಿ ನಿಂತು ಕುಂಬಳಕಾಯಿ ಹೊಡೆದು ಭೇಷ್ ಅಂದುಕೊಂಡಿದ್ದೆವು. ಅಪ್ಪನಿಗೆ ಇದು ಗೊತ್ತಾಗಲಿಲ್ಲ, ಅವನ ತೋಳೇ ಎಲ್ಲವನ್ನೂ ನುಂಗಿಕೊಳ್ತಿತ್ತು.

ಬೀರಾಚಾರಿಗೆ ಹೇಳಿದೆ, ‘ಹಿಂದಿನ ಮರದೊಳಗೆ ಕಬ್ಬಿಣ ಹಾಕಬೇಕು.’ ಅವನು ತಿದಿ ಬಿಟ್ಟು ನನ್ನ ಮುಖ ನೋಡಿದ. ‘ಭಾರ ಅಂತ ಕೊಯ್ಸಿಕೊಂಡವಳು ಈಗ ಭಾರ ತುಂಬು ಅಂತೀಯಲ್ಲ, ನಿನಗೇನು ಬಿಸಿಲು ತಲೆಗೆ ಹತ್ತಿತಾ?’ ‘ಮುಳ್ಳನ್ನ ಮುಳ್ಳಿಂದಲೇ ತೆಗೀಬೇಕು ಆಚಾರಿ. ಮುಂದಿನ ಕಬ್ಬಿಣ ಬೆಳೆದಷ್ಟೇ ಹಿಂದಿನದೂ ಬೆಳೆದರೆ ಮೂತಿ ಯಾಕೆ ಬಗ್ಗುತ್ತೆ?’ ನಂಬಲಿಲ್ಲ. ರಟ್ಟೆ ಹಿಡಿದು ಎಬ್ಬಿಸಿದೆ. ಅಣ್ಣನ ಹತ್ತಿರ ಟವೆಲ್ಲಲ್ಲಿದ್ದ ಆ ತುಂಡು ಕೇಳಿದೆ. ಕೊಡೋ ಮನಸ್ಸಿಲ್ಲ, ಆದರೂ ಕೊಟ್ಟ.

ನಡುಬಂಡೆ ಮೇಲೆ ಆಚಾರಿಯನ್ನ ಕೂರಿಸಿ ಕೋವಿಯನ್ನ ಅವನ ಅಂಗೈ ಮೇಲಿಟ್ಟೆ. ಮೂತಿ ದಬಕ್ಕನೆ ಕೆಳಗೆ ಹೋಯಿತು. ತುಂಡನ್ನ ಹಿಂದಿನ ಮರಕ್ಕೆ ಹಗ್ಗದಲ್ಲಿ ಕಟ್ಟಿದೆ. ಮೂತಿ ಎದ್ದಿತು, ಕೋವಿ ಅವನ ಕೈ ಮೇಲೆ ತಕ್ಕಡಿ ಹಾಗೆ ನಿಂತಿತು. ಆಚಾರಿ ಹಗ್ಗದ ಗಂಟು ಎಳೆದು ನೋಡಿ, ‘ನಾನೂ ಅದನ್ನೇ ಹೇಳೋಣ ಅಂತಿದ್ದೆ,’ ಅಂದ. ಆದರೆ ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ತುಂಡು ಸೇರಿ ಕೋವಿ ಮತ್ತೆ ಅಪ್ಪನ ಕೋವಿಯಷ್ಟೇ ಭಾರ ಆಗಿತ್ತು. ಅಷ್ಟು ಹೊತ್ತು ನಾನು ನೆತ್ತಿಗೆ ಹೋಗಲಾರೆ. ಹಾಗಾದರೆ ಹಿಂದೆ ಸೇರೋ ಕಬ್ಬಿಣ ಮುಂದಿನಿಂದಲೇ ಬರಬೇಕು. ಇನ್ನೊಂದು ಕೊಯ್ತ.

ಎಷ್ಟು ಅನ್ನೋದೇ ಪ್ರಶ್ನೆ. ಆಚಾರಿ ಮತ್ತೆ ಶುರು ಮಾಡಿದ, ‘ಹೇಗೂ ಕೊಯ್ತೀವಿ, ಒಂದು ಮೊಳಕ್ಕೇ ತಂದುಬಿಡು. ಹೂವಿನ ಹಾಗೆ ಹೊತ್ತುಕೊಂಡು ಹೋಗ್ತೀಯ.’ ಹೂವಿನ ಹಾಗೆ ಹೋಗಿ ಹೂವಿನಲ್ಲಿ ಹೊಡೆದ ಹಾಗೆ ಹೊಡೆದು ಬರಬೇಕಾಗುತ್ತೆ. ಹಲಗೆಯ ಮಣ್ಣಲ್ಲಿ ಕೂತು ನೋಡ್ತಿದ್ದ ಆ ಗುಂಡು ನನ್ನ ಕಣ್ಣಿಂದ ಹೋಗಿರಲಿಲ್ಲ. ಕೋವಿ ಎತ್ತಿ, ಹಗ್ಗ ಬಿಚ್ಚಿ, ತುಂಡನ್ನ ಹಿಂದೆ ಮುಂದೆ ಸರಿಸಿ, ತೋಳಿಗೆ ಕೇಳಿದೆ. ಎಂಟು ಬೆರಳಗಲ ಅಂತು ತೋಳು. ಬೂದಿ ಹಚ್ಚಿ ಗುರುತು ಮಾಡಿದೆ. ಎಂಟು ಬೆರಳು ಹೋದರೆ ಗುಂಡಿನ ಜೋರೂ ಅಷ್ಟು ಹೋಗುತ್ತೆ. ಅಷ್ಟನ್ನ ನನ್ನ ಕಾಲು ತುಂಬಬೇಕು. ಇನ್ನೂ ಹತ್ತಿರ ಹೋಗಬೇಕು, ಅಷ್ಟೇ ತಾನೇ? ಹೋಗ್ತೀನಿ.

ಅಣ್ಣನಿಗೆ ಹೇಳೋದು ಹಂದಿ ಹೊಡೆಯೋದಕ್ಕಿಂತ ಕಷ್ಟವಾಯಿತು. ‘ಅಪ್ಪನ ಕೋವೀನ ಸೌತೆಕಾಯಿ ಹೆಚ್ಚಿದ ಹಾಗೆ ಹೆಚ್ತಿದ್ದೀಯಲ್ಲೇ ಸಂಕೀ,’ ಅಂದ. ಅವನ ಕಣ್ಣಲ್ಲಿ ನೀರಿತ್ತು. ‘ಕಾಲೂ ಹೋಯಿತು, ಬೆಟ್ಟವೂ ಹೋಯಿತು, ಇದೊಂದಾದರೂ ಇರಲಿ ಅಂದುಕೊಂಡಿದ್ದೆ.’ ನಾನು ಪಕ್ಕ ಕೂತೆ. ‘ಚೂರೂ ಆಚೆ ಹೋಗೋದಿಲ್ಲ ಅಣ್ಣ. ತುದಿಯಲ್ಲಿದ್ದದ್ದು ಬುಡಕ್ಕೆ ಬರುತ್ತೆ. ಅಪ್ಪನ ಕೋವಿ ನನ್ನ ಹೆಗಲಿಗೆ ಆತುಕೊಂಡಿರುತ್ತೆ.’ ಅವನು ಬಹಳ ಹೊತ್ತು ಕಾಲು ನೀವಿಕೊಳ್ತಾ ಕೂತಿದ್ದ. ಆಮೇಲೆ, ‘ಹಂದಿ ಹೊಡೀದೇ ಇದ್ರೂ ಚಿಂತೆ ಇಲ್ಲ, ನೀನು ವಾಪಸ್ ಬಾ,’ ಅಂದ. ಕೊಯ್ಯಿ ಅನ್ನೋ ಮಾತನ್ನ ಅವನು ಹೇಳೋ ರೀತಿ ಅದು. ಆಚಾರಿ ಎಂಟು ಬೆರಳು ಕೊಯ್ದು, ಮರವನ್ನ ಕೊರೆದು, ಆ ಎಂಟು ಬೆರಳ ತುಂಡನ್ನೇ ಒಳಗೆ ಕೂರಿಸಿ ಅರಗು ಹೊಯ್ದ. ಮೊದಲಿನ ಗೇಣುದ್ದದ ತುಂಡು ಅಣ್ಣನ ಟವೆಲ್ಲಿಗೇ ವಾಪಸ್ ಹೋಯಿತು. ಬಯಲಲ್ಲಿ ಎತ್ತಿ ನೋಡಿದರೆ ಹಿಂದೆ ಜಗ್ಗೋ ಹಾಗಿತ್ತು, ಕೆಟ್ಟದಾಗಿತ್ತು. ಕಾಟಯ್ಯ ಒಂದು ಸಲ ಎತ್ತಿ, ‘ಇದೆಂಥ ಬಸುರಿ ಕೋವಿ,’ ಅಂದು ಇಳಿಸಿದ.

ಅಮಾಸೆ ಹತ್ತಿರ ಬಂದಿತ್ತು. ಮತ್ತೆ ಹೊರಟೆ. ತಿರುವು, ನಡುಬಂಡೆ, ಕಲ್ಲುಮೆಟ್ಟಿಲು. ಭಾರ ಅದೇ ಭಾರ, ಆದರೆ ಬೆನ್ನಿನ ಮೇಲೆ ಅದು ಕಿರಿಕಿರಿ ಮಾಡದೆ ಒಂದೇ ಕಡೆ ಕೂತಿತ್ತು. ನೆತ್ತಿಯ ಮುಳ್ಳುಪೊದೆಗಳಲ್ಲಿ ನುಸುಳೋವಾಗ ಮೊದಲಿನ ಹಾಗೆ ನಳಿಗೆ ಪ್ರತಿ ಬಳ್ಳಿಗೂ ಸಿಕ್ಕಿಕೊಳ್ಳಲಿಲ್ಲ. ಗಾಳಿ ಎದುರಿಂದ ಬೀಸುತ್ತಿತ್ತು. ಹುಲ್ಲಲ್ಲಿ ಹೊಟ್ಟೆ ಮೇಲೆ ತೆವಳಿದೆ. ಹೋದ ಸಲ ನಿಂತ ಪೊದೆ ಬಂತು, ದಾಟಿದೆ. ಇನ್ನು ಸಾಕು ಅಂತು ಮನಸ್ಸು. ಸಾಲದು ಅಂದೆ. ಹಂದಿಯ ಕಿವಿ ಮೇಲೆ ಕೂತ ನೊಣ ಕಾಣೋವರೆಗೆ ಹೋದೆ. ಅದರ ವಾಸನೆಗೆ ವಾಕರಿಕೆ ಬಂತು. ನನ್ನ ಎದೆ ಬಡಿತ ಅದಕ್ಕೆ ಕೇಳಿಬಿಡುತ್ತೆ ಅನ್ನೋ ಹೆದರಿಕೆ. ಹೆದರಿಕೆ ಇರಲಿಲ್ಲ ಅಂದರೆ ಸುಳ್ಳು.

ಮಂಡಿಯೂರಿ ಕೋವಿ ಎತ್ತಿದೆ. ತೋಳು ನಡುಗಿತು, ಉಸಿರು ಬಿಟ್ಟೆ, ನಿಂತಿತು. ಮೂತಿ ಬಾಗಲಿಲ್ಲ. ಹುಲ್ಲು ಸದ್ದಾಗಿ ಹಂದಿ ತಲೆ ಎತ್ತಿತು. ಎರಡು ಸಣ್ಣ ಕಣ್ಣು ನೇರ ನನ್ನ ಮೇಲೆ ಬಿತ್ತು. ಎದ್ದು ಎರಡು ಹೆಜ್ಜೆ ಇಟ್ಟು ಪಕ್ಕಕ್ಕೆ ಹೊರಳೋದಕ್ಕೂ ನಾನು ಅದರ ಹೆಗಲ ಹಿಂದೆ ಮಣಿ ಇಟ್ಟು ಕುದುರೆ ಎಳೆಯೋದಕ್ಕೂ ಸರಿಹೋಯಿತು. ಬೆಂಕಿ ಕಂಡಿತು, ಹೊಗೆಯಲ್ಲಿ ಏನೂ ಕಾಣಲಿಲ್ಲ. ಹೊಗೆ ಸೀಳಿಕೊಂಡು ಬರುತ್ತೆ ಅಂತ ಕೋವಿಯನ್ನ ಅಡ್ಡ ಹಿಡಿದು ಕೂತೆ. ಬರಲಿಲ್ಲ. ಗಾಳಿ ಹೊಗೆ ಎಳೆದುಕೊಂಡು ಹೋದಾಗ ಹಂದಿ ಒರತೆಯ ಬಾಯಲ್ಲಿ ಮುಖ ಇಟ್ಟು ಬಿದ್ದಿತ್ತು, ಹಿಂಗಾಲು ಒಂದೆರಡು ಸಲ ನೆಲ ಕೆದಕಿ ನಿಂತಿತು.

ನಾನು ಅಲ್ಲೇ ಕೂತು ಜೋರಾಗಿ ಅತ್ತೆ. ಯಾಕೆ ಅಂತ ಕೇಳಬೇಡಿ. ಅಣ್ಣನ ಕಾಲಿಗೋ, ಆ ಪ್ರಾಣಿಗೋ, ನನಗೋ. ಅತ್ತು ಮುಗಿಸಿ ಸೆರಗಿಂದ ಮುಖ ಒರೆಸಿಕೊಂಡು ಕೆಲಸಕ್ಕೆ ಇಳಿದೆ. ಬಾಯಿ ಕಟ್ಟಿದ್ದ ಕೆಸರನ್ನ ಮರದ ಸಲಿಕೆಯಲ್ಲಿ ಎತ್ತಿ ಹಾಕಿದೆ. ಕಲ್ಲು ಸರಿಸಿದೆ. ಒಂದು ಕ್ಷಣ ಏನೂ ಇಲ್ಲ, ಆಮೇಲೆ ಗುಳುಗುಳು ಅಂತ ಬೆರಳ ಸಂದಿಯಲ್ಲಿ ಏರಿ ಬಂತು. ದಬ್ಬೆ ತುಂಬಿ ಕೆಳಗೆ ಓಡಿತು. ಹಂದಿಯನ್ನ ನೀರಿಂದ ಆಚೆ ಎಳೀಬೇಕಲ್ಲ, ಹಗ್ಗ ಕಟ್ಟಿ, ಗಳು ಹಾಕಿ ಮೀಟಿ, ಅಷ್ಟಷ್ಟೇ ಉರುಳಿಸಿ ಮೇಲಕ್ಕೆ ತರೋಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಅದರ ರಕ್ತ ಅಷ್ಟು ಹೊತ್ತೂ ನೀರಲ್ಲಿ ಇಳಿದು ಹೋಗ್ತಿತ್ತು ಅನ್ನೋದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಊರೊಳಗೆ ಕಾಲಿಟ್ಟರೆ ಒಂದು ನಾಯಿಯೂ ಬೊಗಳಲಿಲ್ಲ. ಎಲ್ಲರೂ ಬಾನಿ ಸುತ್ತ ನಿಂತಿದ್ದರು, ಬಿಂದಿಗೆಗಳೆಲ್ಲ ಖಾಲಿ. ಬಾನಿಯ ನೀರು ಕೆಂಪಗಿತ್ತು. ಅಣ್ಣ ಬಾನಿಯ ಅಂಚಿನ ಮೇಲೆ ಎರಡೂ ತೋಳು ಚಾಚಿ ಅಡ್ಡ ಕೂತಿದ್ದ. ‘ಯಾರೂ ಮುಟ್ಟಬೇಡಿ. ಅದು ಯಾರ ರಕ್ತ ಅಂತ ಗೊತ್ತಾಗೋವರೆಗೆ ಯಾರೂ ಮುಟ್ಟಬೇಡಿ,’ ಅಂತ ಹೇಳಿದ್ದನ್ನೇ ಹೇಳ್ತಿದ್ದ. ಕಾಟಯ್ಯ ಮೇಲೆ ಓಡೋಕೆ ಸಿದ್ಧವಾಗಿ ಪಂಚೆ ಎತ್ತಿ ಕಟ್ಟಿಕೊಂಡು ನಿಂತಿದ್ದ, ಅವನ ಮುಖದಲ್ಲೂ ನಗು ಇರಲಿಲ್ಲ.

‘ಹಂದೀದು ಅಣ್ಣ,’ ಅಂದೆ ಹಿಂದಿನಿಂದ. ಅಣ್ಣ ತಿರುಗಿದ. ನನ್ನನ್ನ ತಲೆಯಿಂದ ಕಾಲವರೆಗೆ ನೋಡಿದ, ಮತ್ತೆ ನೋಡಿದ. ‘ಪಾಪಿ! ಒಂದು ಕೂಗು ಹಾಕಬಾರದಿತ್ತಾ? ಜೀವ ಹೋಗಿತ್ತಲ್ಲೇ ನಂದು!’ ಅಂದು ಕೂಸಿನ ಹಾಗೆ ಅತ್ತುಬಿಟ್ಟ. ಹೆಂಗಸರೂ ಕಣ್ಣೊರೆಸಿಕೊಂಡರು. ನಾನು ಬಾನಿಯ ಬುಡದ ಬೆಣೆ ತೆಗೆದು ಕೆಂಪು ನೀರನ್ನ ಚರಂಡಿಗೆ ಬಿಟ್ಟೆ. ಎಲ್ಲರೂ ದಬ್ಬೆಯ ಬಾಯನ್ನೇ ನೋಡ್ತಾ ನಿಂತೆವು. ಕೆಂಪು ತೆಳುವಾಯಿತು, ಕಂದಾಯಿತು, ಆಮೇಲೆ ತಿಳಿಯಾಯಿತು. ಬೆಣೆ ಹಾಕಿದೆ. ಬಾನಿ ತುಂಬಿತು.

ನಿಂತ ನೀರು ಮತ್ತೆ ಬಂದಾಗ ನೀರುಗಂಟಿ ಮೊದಲ ಬೊಗಸೆ ಕುಡಿಯೋವರೆಗೆ ಯಾರೂ ಬಿಂದಿಗೆ ಅದ್ದಬಾರದು, ಅದು ನಮ್ಮೂರ ಪದ್ಧತಿ. ‘ದುಗ್ಗಪ್ಪ, ಕುಡಿಯಪ್ಪ,’ ಅಂದ ಕೆಂಚಪ್ಪಾಜಿ. ಅಣ್ಣ ಬಗ್ಗಿ ಬೊಗಸೆ ತುಂಬ ನೀರು ತೆಗೆದ. ಬಾಯಿಗೆ ಒಯ್ಯಲಿಲ್ಲ. ಕಂಕುಳ ಕೋಲಿಲ್ಲದೆ, ಕುಂಟುತ್ತಾ, ಚೆಲ್ಲದ ಹಾಗೆ ನನ್ನ ಮುಂದೆ ಬಂದು ನಿಂತ. ‘ನೀರುಗಂಟಿ ಕುಡೀಲಿ,’ ಅಂದ ಎಲ್ಲರಿಗೂ ಕೇಳೋ ಹಾಗೆ. ಕೆಂಚಪ್ಪಾಜಿ ನನ್ನನ್ನ ನೋಡಿ ಮೆಲ್ಲಗೆ ತಲೆ ಆಡಿಸಿದ. ಅಣ್ಣನ ಕೈಯಿಂದಲೇ ಕುಡಿದೆ.

ಆಮೇಲೆ ಬಾನಿ ಮೇಲೆ ಕೈಯಿಟ್ಟು, ಸಾಲು ಸಾಲು ಬಿಂದಿಗೆಗಳ ಕಡೆ ತಿರುಗಿದೆ. ‘ಕೆಳಗಿನ ಬೀದಿಯವರು ಮೊದಲು ಬನ್ನಿ. ಮೇಲಿನ ಬೀದಿಯವರು ಆಮೇಲೆ,’ ಅಂದೆ. ಕಾಟಯ್ಯ ತನ್ನ ಬಿಂದಿಗೆ ಎತ್ತಿಕೊಂಡು ಹಿಂದೆ ಹೋಗಿ ನಿಂತ.